ಚೈನ್ ಸಾ ಟಾಕಿ ಢಕ್ಕನ್ ಜಾಮ್ ಆದಾಗ ಬರ್ಫ್ ಇಟ್ಟು ತೆಗದಿದ್ದು: ನನ್ನ ಅನುಭವ

ಹೋದ ಬ್ಯಾಸಗ್ಯಾಗ ಆಗಿದ್ದು, ಮೇ ತಿಂಗಳ ನಡುವ ಇರಬೇಕು. ಜೇವರ್ಗಿ ಕಡಿ ಒಂದು ಹೊಲದ ಬದುವಿನ್ಯಾಗಿನ ಬಳ್ಳಾರಿ ಜಾಲಿ ಕಡಿಯೋ ಗುತ್ತಿಗಿ ಹಿಡಿದಿದ್ದೆ, ತೊಗರಿ ಬಿತ್ತೋದ್ರೊಳಗ ಬದು ಸ್ವಚ್ಛ ಆಗ್ಬೇಕಂತ ಮಾಲಕರು ದಿನಾ ಫೋನ್ ಮಾಡ್ತಿದ್ರು. ನಂದು 58 ಸಿಸಿ ಚೈನ್ ಸಾ, ಅಂದ್ರ ಪೆಟ್ರೋಲ್ ಮ್ಯಾಲ ಓಡೋ ಮರ ಕೊಯ್ಯೋ ಮಷೀನ್, ಟಾಕಿಗೆ ಥ್ರೆಡ್ ಇರೋ ಢಕ್ಕನ್ (ಮುಚ್ಚಳ), ಲಿವರ್ ಎತ್ತಿ ತಿರುವೋ ನಮೂನಿದಲ್ಲ. ಮೊದಲ ದಿನ ಮಧ್ಯಾಹ್ನ ಸುಡೋ ಬಿಸಲಾಗ ಟಾಕಿ ತುಂಬಿ, ಸೋರಬಾರದಂತ ಪಾನಾ ಹಾಕಿ ಬಿಗಿ ಮಾಡಿದ್ದೆ. ತಪ್ಪು ಅಲ್ಲೇ ಆಗಿದ್ದು. ಮರುದಿನ ಮುಂಜಾನಿ ನೋಡಿದ್ರ ಢಕ್ಕನ್ ಅಲ್ಲಾಡವಲ್ದು.

ಮೊದ್ಲ ಅರಬಿ ಸುತ್ತಿ ಕೈಲೇ ನೋಡ್ದೆ. ಆಮ್ಯಾಲ ಸ್ಕ್ರೂಡ್ರೈವರ್ ಇಟ್ಟು ಸುತ್ತಿಗಿಲೆ ಜರಾ ಜರಾ ಬಡಿದೆ, ಢಕ್ಕನ್ ಮ್ಯಾಲಿನ ಸೀಳಿನ ಅಂಚು ಕಿತ್ತು ಬಂತು. ಪೈಪ್ ಪಾನಾ ಹಾಕಿದ್ರ ಸುತ್ತಲಿನ ಹಲ್ಲು ಎಲ್ಲಾ ಸವದು ನುಣ್ಣಗಾದ್ವು. ಕಡೀಕ ಒಂದು ಕೆಟಲಿ ಕುದಿಯೋ ನೀರು ತಂದು ಢಕ್ಕನ್ ಮ್ಯಾಲೇ ಸುರದೆ, ಆಗಂತೂ ಮೊದಲಿಗಿಂತ ಬಿಗಿ ಆಯ್ತು. ಇಬ್ಬರು ಆಳು ಸುಮ್ ಕುಂತಿದ್ರು, ಅವರ ಪಗಾರ ತಲಿಗೊಂದು ಆರನೂರು, ನಂದು ದಿನದ ಗಳಿಕಿ ಹೋಗಿದ್ದು ಬ್ಯಾರೆ.

ಕಲಬುರಗಿಗೆ ಒಯ್ದೆ. ಅಲ್ಲಿ ಮಿಸ್ತ್ರಿ ತಿರುವಿ ಮುರುವಿ ನೋಡಿ, "ಕಾಕಾ, ಇದು ಬರಲ್ಲ. ಟಾಕಿ, ಹಿಂದಿನ ಹ್ಯಾಂಡಲ್ ಎರಡೂ ಕೂಡಿ ಒಂದೇ ಪೀಸ್ ಅದ, ಪೂರಾ ಬದಲಿ ಮಾಡ್ಬೇಕು" ಅಂದ. ಎರಡು ಸಾವಿರದ ಮ್ಯಾಲ ಏನೋ ಹೇಳ್ದ, ಮಜೂರಿ ಮುನ್ನೂರು ಬ್ಯಾರೆ. ಪಕ್ಕದಾಗ ನಿಂತವನೊಬ್ಬ ಲೈಟರ್ ಹಿಡದು ಕಾಸ್ರಿ ಅಂದ, ಪೆಟ್ರೋಲ್ ಟಾಕಿಗೆ! ಅಂಥಾ ಮಾತು ಯಾರೂ ಕೇಳಬ್ಯಾಡ್ರಿ, ಜೀವ ಹೋಗ್ತದ. ಮಷೀನ್ ವಾಪಸ್ ತೊಗೊಂಡು ಬಂದೆ.

ಮನ್ಯಾಗ ಅವ್ವ ಉಪ್ಪಿನಕಾಯಿ ಬಾಟ್ಲಿ ಮುಚ್ಚಳ ಬಿಸಿನೀರಾಗ ಹಿಡದು ಬಿಚ್ಚಲತಿದ್ಳು. ಅದನ್ನ ನೋಡ್ತಾ ಕುಂತಾಗ ತಿಳೀತು. ಬಾಟ್ಲಿ ಮುಚ್ಚಳ ಹೊರಗಿಂದ ಕೂಡ್ತದ, ಬಿಸಿ ಮಾಡಿದ್ರ ಉಬ್ಬಿ ಸಡ್ಲ ಆಗ್ತದ. ನಮ್ಮ ಮಷೀನ್ ಢಕ್ಕನ್ ಟಾಕಿ ಬಾಯಿ ಒಳಗ ಕೂಡ್ತದ, ಬಿಸಿ ಮಾಡಿದ್ರ ಅದೂ ಉಬ್ತದ, ಮತ್ತ ಕಚ್ಚತದ. ಅಂದ್ರ ಢಕ್ಕನ್ ತಂಪು ಆಗ್ಬೇಕು, ಸುತ್ತಲಿನ ಟಾಕಿ ಬಾಯಿ ಬೆಚ್ಚಗಿರಬೇಕು. ಇದನ್ನ ಆ ಮಿಸ್ತ್ರಿಗೆ ಫೋನ್ ಮಾಡಿ ಹೇಳಿದ್ರ "ಬರ್ಫ್ ಇಟ್ಟು ಮಷೀನ್ ರಿಪೇರಿ ಮಾಡೋದು ಎಲ್ಲೂ ನೋಡಿಲ್ಲ" ಅಂತ ನಕ್ಕ.

ನಾ ಮಾಡಿದ್ದು ಹಿಂಗ. ಮೊದ್ಲ ಮಷೀನ್ ನೆರಳಾಗ ಇಟ್ಟು ಪೂರಾ ತಣ್ಣಗ ಆಗೋತನ ಬಿಟ್ಟೆ. ಏರ್ ಫಿಲ್ಟರ್ ತೆಗದು ಕಾರ್ಬ್ಯುರೇಟರ್ ಕಡಿಯಿಂದ ಪೆಟ್ರೋಲ್ ಪೈಪ್ ಬಿಚ್ಚಿ ಬಾಟ್ಲಿಗೆ ಹಿಡದೆ, ಟಾಕಿ ಒಳಗ ಕಟ್ಟಿದ್ದ ಒತ್ತಡ ಹೋಯ್ತು, ಪೆಟ್ರೋಲ್ ಬುಸ್ ಅಂತ ಬಂತು ನೋಡ್ರಿ. ಟಾಕಿ ಬ್ರೀದರ್, ಅಂದ್ರ ಗಾಳಿ ಕಿಂಡಿ, ಗಾಳಿ ಒಳಗ ಬಿಡ್ತದ, ಹೊರಗ ಬಿಡಂಗಿಲ್ಲ, ಅದಕ್ಕ ನಮ್ಮ ಬಿಸಲಾಗ ಒಳಗ ಒತ್ತಡ ಏರ್ತದ, ಆ ಒತ್ತಡ ಢಕ್ಕನ್ ಥ್ರೆಡ್ ಮ್ಯಾಲ ಬೀಳ್ತದ. ಬಿಸಿ ಮಷೀನ್ ಮಾರಿ ಮುಂದ ಹಿಡದು ಢಕ್ಕನ್ ಬಿಚ್ಚಿದ್ರ ಪೆಟ್ರೋಲ್ ಮಾರಿಗೇ ಸಿಡಿತದ. ಆಮ್ಯಾಲ ಹಳೇ ಹಲ್ಲುಜ್ಜೋ ಬ್ರಷ್‌ಲೆ ಅಂಚಿನ ಹೊಟ್ಟು ಜಾಡಿಸಿ, ಸಿರಿಂಜ್‌ಲೆ ಸುತ್ತಲೂ ಟೂಟಿ ಆಯಿಲ್ (ಪೆಟ್ರೋಲಿಗೆ ಕಲಸೋ ಎಂಜಿನ್ ಎಣ್ಣಿ) ಹನಿ ಹನಿ ಬಿಟ್ಟು ರಾತ್ರಿ ಹಂಗೇ ಇಟ್ಟೆ.

ಮುಂಜಾನಿ ಹತ್ತು ರೂಪಾಯಿ ಬರ್ಫ್ ತಂದು ಒಡದು ಪ್ಲಾಸ್ಟಿಕ್ ಚೀಲದಾಗ ಕಟ್ಟಿ ಢಕ್ಕನ್ ಮ್ಯಾಲಷ್ಟೇ ಇಟ್ಟೆ. ಚೀಲ ಬೇಕೇ ಬೇಕು, ನೀರು ಟಾಕ್ಯಾಗ ಇಳಿಬಾರದು. ಟಾಕಿ ಬಾಯಿ ಸುತ್ತ ಬಿಸಿನೀರಾಗ ಅದ್ದಿ ಹಿಂಡಿದ ಅರಬಿ, ಎರಡು ನಿಮಿಷಕ್ಕೊಮ್ಮೆ ಬದಲಿ. ಹತ್ತು, ಹನ್ನೆರಡು ನಿಮಿಷ ಆಗಿರಬೇಕು. ಬರ್ಫ್ ತೆಗದ ತಕ್ಷಣ ಸೈಕಲ್ ಟ್ಯೂಬ್ ಪಟ್ಟಿ ಎರಡು ಸುತ್ತು ಸುತ್ತಿ ಅದರ ಮ್ಯಾಲ ನೈಲಾನ್ ಪಟ್ಟಿ ಬಿಗದು ಎಳದೆ. ಮೊದಲ ಸಲ ಜಾರ್ತು. ಎರಡನೇ ಸಲ ಪಟ್ಟಿ ಬ್ಯಾರೆ ನಮೂನಿ ಗಂಟು ಹಾಕಿದೆ, ಆ ಗಂಟು ನಾನೇ ಹುಡುಕಿದ್ದು, ಇಲ್ಲಿ ಬರೆಯಲ್ಲ. ಟಕ್ ಅಂತ ಸಡ್ಲ ಆಯ್ತು. ಆಳುಗಳು ಚಪ್ಪಾಳಿ ಹೊಡದ್ರು, ನನಗಂತೂ ಭಾಳ ಖುಷಿ ಆಯ್ತು.

ಒಳಗ ನೋಡಿದ್ರ ಓ ರಿಂಗ್, ಅಂದ್ರ ಸೋರಬಾರದಂತ ಢಕ್ಕನ್‌ಗೆ ಹಾಕಿರೋ ರಬ್ಬರ್ ಬಳಿ, ಉಬ್ಬಿ ತನ್ನ ತೋಡಿನಿಂದ ಹೊರಗ ಬಂದಿತ್ತು. ಈಗ ಬಂಕಿನ್ಯಾಗ ಸಿಗೋದು 20 ಪರ್ಸೆಂಟ್ ಎಥೆನಾಲ್ ಕೂಡಿಸಿದ ಪೆಟ್ರೋಲ್, ಅದರ ಮ್ಯಾಲೇ ಸಂಶಯ ಬಂದು ಒಂದು ಪ್ರಯೋಗ ಮಾಡ್ದೆ. ಒಂದೇ ಸೈಜಿನ ಎರಡು ರಿಂಗ್ ತಂದು ಒಂದು ಬರೇ ಟೂಟಿ ಆಯಿಲ್‌ನ್ಯಾಗ, ಇನ್ನೊಂದು ನಾವು ಹಾಕೋ ಆಯಿಲ್ ಕಲಸಿದ ಪೆಟ್ರೋಲ್‌ನ್ಯಾಗ ಎಂಟ್ಹತ್ತು ದಿನ ಮುಳುಗಿಸಿ ಇಟ್ಟೆ. ಆಯಿಲ್‌ದು ಹಂಗೇ ಇತ್ತು, ಪೆಟ್ರೋಲ್‌ದು ದಪ್ಪಾಗಿ ಢಕ್ಕನ್ ತೋಡಿನ್ಯಾಗ ಕೂಡ್ಲಿಲ್ಲ. ಎರಡು ದಿನ ಹೊರಗ ಇಟ್ಟ ಮ್ಯಾಲ ಮತ್ತ ಸಣ್ಣದಾಯ್ತು. ಅದಕ್ಕ ಈಗ ಎರಡು ರಿಂಗ್ ಇಟ್ಟೀನಿ, ಒಂದು ಹಾಕಿದ್ರ ಒಂದು ಒಣಗ್ತದ. ಕೆಲಸ ಇಲ್ಲದಾಗ ಟಾಕಿ ಖಾಲಿ ಇಡ್ತೀನಿ, ಪಾನಾ ಮುಟ್ಟಂಗಿಲ್ಲ, ಕೈಲೇ ಎಷ್ಟು ಬಿಗಿ ಆಗ್ತದೋ ಅಷ್ಟೇ. ರಿಂಗಿಗೆ ಸವರೋದು ಏನು ಅನ್ನೋದು ನನ್ನ ಹತ್ರನೇ ಇರ್ಲಿ.

ಖರ್ಚು ಲೆಕ್ಕ ಹಾಕಿದ್ರ ಬರ್ಫ್ ಹತ್ತು, ಸಿರಿಂಜ್ ಐದೋ ಹತ್ತೋ, ರಿಂಗ್ ಎರಡಕ್ಕ ಇಪ್ಪತ್ತು, ಹಲ್ಲು ಸವದ ಢಕ್ಕನ್ ಬದಲಿ ಮಾಡಿದ್ದು ನೂರರ ಸುಮಾರು. ಹೋದ ತಿಂಗಳು ಆಳಂದ ಕಡಿಯವರೊಬ್ರು ತಮ್ಮ ಮಷೀನ್ ತಂದಿದ್ರು, ಅವರದೂ ಅದೇ ಗೋಳು. ಚಹಾ ಕುಡಿಯೋದ್ರೊಳಗ ಬಿಚ್ಚಿ ಕೊಟ್ಟೆ. ಅವರನ್ನ ನನ್ನ ಹತ್ರ ಕಳಿಸಿದ್ದು ಆ ಮಿಸ್ತ್ರೀನೇ.