ಅಂಗಡಿ ಕೆಲಸದ ಸಂಬಳ ಸರಿಯಾಗಿದ್ಯಾ ಅಂತ ನೀವೇ ಲೆಕ್ಕ ಹಾಕೋದು ಹೇಗೆ

ಹಾಸನಾಂಬ ಗುಡಿ ಬಾಗಿಲು ತೆಗೆದ್ರೆ ಸಾಕು, ನಮ್ಮೂರಿನ ಬಟ್ಟೆ ಅಂಗಡಿ, ಪಾತ್ರೆ ಅಂಗಡಿ, ಮೊಬೈಲ್ ಅಂಗಡಿಲಿ ಕೆಲಸ ಮಾಡೋರಿಗೆ ಕೂರೋಕೆ ಪುರುಸೊತ್ತಿರಲ್ಲ, ಅದರ ಬೆನ್ನಿಗೇ ದೀಪಾವಳಿ ಬೇರೆ. ನಾನೂ ಒಂದು ಸೀರೆ ಅಂಗಡಿಲಿ ನಾಲ್ಕು ವರ್ಷ ನಿಂತಿದ್ದೋಳು, ಬೆಳಗ್ಗೆ ಹತ್ತಕ್ಕೆ ಒಳಗೆ ಹೋದ್ರೆ ರಾತ್ರಿ ಒಂಬತ್ತಕ್ಕೆ ಹೊರಗೆ. ಸಂಬಳ ಕೊಡುವಾಗ ಸರ್ಕಾರದ ರೇಟೇ ಕೊಡ್ತಿದೀವಿ ಅನ್ನೋರು, ನಾನೂ ನಂಬಿದ್ದೆ. ಆ ಮಾತಲ್ಲಿ ಏನು ತಪ್ಪಿದೆ ಅಂತ ಗೊತ್ತಾಗಿದ್ದು ಗಂಟೆ ಲೆಕ್ಕ ಹಾಕಿದ್ಮೇಲೆ.

ಮೊದಲು ರೇಟ್ ಹುಡುಕಿ. ಕಾರ್ಮಿಕ ಇಲಾಖೆ ವೆಬ್‌ಸೈಟಲ್ಲಿ ಕನಿಷ್ಠ ವೇತನದ ಪಟ್ಟಿ ಇರುತ್ತೆ, ಅದರಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳು ಅನ್ನೋದನ್ನ ತೆಗೀರಿ, ನಿಮ್ಮೂರು ಯಾವ ವಲಯ, ನಿಮ್ಮ ಕೆಲಸ ಕುಶಲವೋ ಅರೆಕುಶಲವೋ ನೋಡ್ಕೊಳಿ. ಮೂಲ ವೇತನ ಮಾತ್ರ ನೋಡಿ ಸುಮ್ನಾಗ್ಬೇಡಿ, ತುಟ್ಟಿಭತ್ಯೆ ಸೇರಿಸಿದ್ರೇನೇ ಕನಿಷ್ಠ ವೇತನ. ಅದು ಪ್ರತಿ ವರ್ಷ ಏಪ್ರಿಲ್ 1ಕ್ಕೆ ಬದಲಾಗುತ್ತೆ, ಹಳೇ ಪಟ್ಟಿ ಹಿಡ್ಕೊಂಡು ಕೂತ್ರೆ ನಷ್ಟ ನಿಮಗೇ.

ಈಗ ಗಂಟೆ. ದಿನಕ್ಕೆ 9, ವಾರಕ್ಕೆ 48 ಗಂಟೆ ಅಂತ ಕರ್ನಾಟಕದ 1961ರ ಅಂಗಡಿ ಕಾಯ್ದೆ ಹೇಳುತ್ತೆ, ಐದು ಗಂಟೆ ದುಡಿದ್ಮೇಲೆ ಒಂದು ಗಂಟೆ ಬಿಡುವು ಕೊಡಬೇಕು, ವಾರಕ್ಕೊಂದು ದಿನ ರಜೆ. ಜಾಸ್ತಿ ದುಡಿಸಿದ್ರೆ ಆ ಗಂಟೆಗೆ ಡಬಲ್ ಸಂಬಳ. ಲೆಕ್ಕಕ್ಕೆ ಸುಲಭ ಆಗ್ಲಿ ಅಂತ ತಿಂಗಳಿಗೆ 13,000 ಅಂತ ಇಟ್ಕೊಳಿ (ಇದು ಸರ್ಕಾರದ ರೇಟಲ್ಲ, ಬರೀ ಉದಾಹರಣೆ). ವಾರದ ರಜೆ ಬಿಟ್ಟು 26 ದಿನಕ್ಕೆ ಭಾಗಿಸಿದ್ರೆ ದಿನಕ್ಕೆ 500, ಅದನ್ನ ಎಂಟಕ್ಕೆ (48 ಗಂಟೆ ಆರು ದಿನಕ್ಕೆ ಹಂಚಿದ್ರೆ ದಿನಕ್ಕೆ ಎಂಟು) ಭಾಗಿಸಿದ್ರೆ ಗಂಟೆಗೆ 62.50. ಹತ್ತರಿಂದ ಒಂಬತ್ತು, ಊಟದ ಒಂದು ಗಂಟೆ ತೆಗೆದ್ರೆ ಹತ್ತು ಗಂಟೆ, ಆರು ದಿನಕ್ಕೆ 60. ಅಂದ್ರೆ ವಾರಕ್ಕೆ 12 ಗಂಟೆ ಓಟಿ (ಜಾಸ್ತಿ ದುಡಿದ ಗಂಟೆ), ಡಬಲ್ ಅಂದ್ರೆ 125ರ ಹಾಗೆ 1,500 ರೂಪಾಯಿ, ನಾಲ್ಕು ವಾರಕ್ಕೆ 6,000! ಇದನ್ನ ನಾನು ಮೊದಲ ಸಲ ಕ್ಯಾಲೆಂಡರ್ ಹಿಂದೆ ಬರೆದು ನೋಡ್ದಾಗ ಕೈ ನಡುಗ್ತು, ನನ್ನ ತಂಗಿ ಕಾಲೇಜ್ ಫೀಸಿಗೆ ಸಾಲ ಮಾಡಿದ್ದು ಅದೇ ವರ್ಷ.

ಇನ್ನೊಂದು ಕಡೆ ದುಡ್ಡು ಸೋರಿ ಹೋಗೋದು ಕಡಿತದಲ್ಲಿ. ಸ್ಟಾಕ್ ಕಮ್ಮಿ ಬಂತು ಅಂತ ಎಲ್ಲಾ ಹುಡುಗೀರ ಸಂಬಳದಲ್ಲೂ ಸಮನಾಗಿ ಹಿಡಿಯೋದು ನಮ್ಮಲ್ಲಿತ್ತು. ಅದು ತಪ್ಪು, ನಷ್ಟ ಯಾರ ನಿರ್ಲಕ್ಷ್ಯದಿಂದ ಆಯ್ತೋ ಅವರದ್ದು ಮಾತ್ರ ಹಿಡೀಬಹುದು, ಅದೂ ಅವರ ಮಾತು ಕೇಳಿದ್ಮೇಲೆ. ಹತ್ತು ಜನ ಅಥವಾ ಜಾಸ್ತಿ ಇದ್ದು ಸಂಬಳ 21,000 ಒಳಗಿದ್ರೆ ಇಎಸ್‌ಐ (ಕೆಲಸಗಾರರ ಸರ್ಕಾರಿ ಆರೋಗ್ಯ ವಿಮೆ) ಬರುತ್ತೆ, ನಿಮ್ಮಿಂದ 0.75%, ಮಾಲೀಕರಿಂದ 3.25%. ಇಪ್ಪತ್ತು ಜನ ಇದ್ರೆ ಪಿಎಫ್. ಹಿಡಿದ ದುಡ್ಡು ನಿಜಕ್ಕೂ ಕಟ್ಟಿದಾರಾ ಅಂತ ಪಿಎಫ್ ಪಾಸ್‌ಬುಕ್ ತೆಗೆದು ನೋಡಿ.

ಕೂರೋಕೆ ಸ್ಟೂಲ್, ಹೆಣ್ಮಕ್ಕಳಿಗೆ ಟಾಯ್ಲೆಟ್, ರಾತ್ರಿ ಆಲೂರು, ಹೊಳೆನರಸೀಪುರ ಕಡೆ ಬಸ್ ಸಿಗೋ ಹೊತ್ತಿಗೆ ಬಿಡೋದು, ಮಾಲೀಕರ ಹತ್ರ ಕೇಳೋದ್ರ ಪಟ್ಟೀಲಿ ಇವನ್ನೂ ಬರೀರಿ. ಜವಳಿ ಅಂಗಡಿ ಹೆಣ್ಮಕ್ಕಳು ಹೋರಾಡಿದ್ಮೇಲೇನೇ ಕೇರಳದಲ್ಲಿ 2018ರಲ್ಲಿ ಕೂರೋ ಹಕ್ಕು ಕಾನೂನಾಯ್ತು, 2021ರಲ್ಲಿ ತಮಿಳುನಾಡಲ್ಲೂ. ಕೇಳೋದು ಜಂಬ ಅಲ್ಲ.

ಇವತ್ತಿಂದಾನೇ ಒಂದು ಚಿಕ್ಕ ನೋಟ್‌ಬುಕ್ಕಲ್ಲಿ ಬಂದ ಟೈಮ್, ಹೋದ ಟೈಮ್ ಬರೀರಿ, ಸಂಬಳದ ಮೆಸೇಜ್ ಡಿಲೀಟ್ ಮಾಡ್ಬೇಡಿ. ಮೊದಲು ಮಾಲೀಕರ ಹತ್ರಾನೇ ಮಾತಾಡಿ, ಒಬ್ಬರೇ ಹೋಗ್ಬೇಡಿ, ನಾಲ್ಕು ಜನ ಸೇರ್ಕೊಂಡು ಹೋಗಿ. ಆಗ್ಲಿಲ್ಲ ಅಂದ್ರೆ ಕಾರ್ಮಿಕ ಅಧಿಕಾರಿ ಕಚೇರಿಗೆ ಅರ್ಜಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರೋ ವೇತನ ಸಂಹಿತೆ (ಸಂಬಳದ ಬಗ್ಗೆ ಕೇಂದ್ರದ ಕಾನೂನು) ಪ್ರಕಾರ ಬಾಕಿ ಕೇಳೋಕೆ ಮೂರು ವರ್ಷ ಟೈಮಿದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಹೆಣ್ಮಕ್ಕಳಿಗೆ ವಕೀಲರ ಫೀಸ್ ಇಲ್ಲ, ನಂಬರ್ 15100. ಅರ್ಜಿ ಎರಡು ಪ್ರತಿ ತಗೊಂಡ್ಹೋಗಿ, ನಿಮ್ಮ ಪ್ರತಿ ಮೇಲೆ ಸೀಲ್, ತಾರೀಖು ಹಾಕಿಸ್ಕೊಂಡೇ ಬನ್ನಿ.