ಓಡುತ್ತಿರುವ ಹಳೆಯ ಕಾರು ತಟ್ಟನೆ ಆಫ್ ಆಗುತ್ತಿದೆಯೇ? ದೋಷ ಹುಡುಕುವುದು ಹೀಗೆ

ದಾರಿಯಲ್ಲಿ ಆಫ್ ಆಗಿ, ಅರ್ಧ ಗಂಟೆ ತಣ್ಣಗಾದ ಮೇಲೆ ಏನೂ ಆಗದಂತೆ ಸ್ಟಾರ್ಟ್ ಆಗುವ ಕಾರು ಮೆಕ್ಯಾನಿಕ್ ಎದುರು ಮಾತ್ರ ಕೈಕೊಡುವುದಿಲ್ಲ. ಆಗ ಅಂದಾಜಿನ ಮೇಲೆ ಒಂದೊಂದೇ ಬಿಡಿಭಾಗ ಬದಲಿಸುವುದು ಶುರುವಾಗುತ್ತದೆ. ಅದರ ಬದಲು, ಎಂಜಿನ್ ಸತ್ತ ಕ್ಷಣದಲ್ಲಿ ಕರೆಂಟ್ ಎಲ್ಲಿಯವರೆಗೆ ಬಂದಿತ್ತು ಎಂಬುದನ್ನು ಹಿಡಿಯಬೇಕು. ಇಲ್ಲಿನ ಕ್ರಮ ಪೆಟ್ರೋಲ್ ಇಂಜೆಕ್ಷನ್ (ಎಂಜಿನ್ನಿನ ಕಂಪ್ಯೂಟರ್ ಅಳತೆ ಮಾಡಿ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ) ಇರುವ ಹಳೆಯ ಕಾರುಗಳಿಗೆ.

ಆಫ್ ಆಗುವ ರೀತಿಯನ್ನು ಮೊದಲು ಗಮನಿಸಿ. ಮುಗ್ಗರಿಸುತ್ತಾ ಶಕ್ತಿ ಕುಂದಿ ನಿಂತರೆ ಪೆಟ್ರೋಲ್ ಸರಬರಾಜಿನ ಕಡೆ ಅನುಮಾನ. ಕೀ ತಿರುಗಿಸಿದಷ್ಟು ಥಟ್ಟನೆ ನಿಂತರೆ ಇಗ್ನಿಷನ್ (ಕಿಡಿ ಹೊತ್ತಿಸುವ ವ್ಯವಸ್ಥೆ) ಕಡೆ. ಗಾಡಿ ಗೇರಿನಲ್ಲಿ ಉರುಳುತ್ತಿರುವಾಗಲೇ ಆರ್‌ಪಿಎಂ ಮುಳ್ಳು ಸೊನ್ನೆಗೆ ಬಿದ್ದರೆ ಕ್ರ್ಯಾಂಕ್ ಸೆನ್ಸರ್ (ಎಂಜಿನ್ ತಿರುಗುವುದನ್ನು ಕಂಪ್ಯೂಟರಿಗೆ ತಿಳಿಸುವ ಭಾಗ) ಅಥವಾ ಇಗ್ನಿಷನ್ ಸಪ್ಲೈ ತಪ್ಪಿರುವ ಸಾಧ್ಯತೆ ಹೆಚ್ಚು. ಮೀಟರ್ ಬೋರ್ಡಿನ ದೀಪಗಳೂ ಆರಿದರೆ ಬ್ಯಾಟರಿ ಟರ್ಮಿನಲ್, ಅರ್ತಿಂಗ್ (ಬ್ಯಾಟರಿಯ ಮೈನಸ್ಸನ್ನು ಬಾಡಿಗೂ ಎಂಜಿನ್ನಿಗೂ ಕೂಡಿಸುವ ವೈರ್) ಅಥವಾ ಇಗ್ನಿಷನ್ ಸ್ವಿಚ್.

ಬ್ಯಾಟರಿಯಿಂದ ಶುರು ಮಾಡಿ. ಎಂಜಿನ್ ಆಫ್ ಇದ್ದಾಗ ಸುಮಾರು 12.6 ವೋಲ್ಟ್, ಓಡುವಾಗ 13.8ರಿಂದ 14.4 ಇರಬೇಕು. ಟರ್ಮಿನಲ್ ಕಳಚಿ, ಕಿಲುಬು ಉಜ್ಜಿ, ಬಿಗಿ ಮಾಡಿ. ಮಲ್ಟಿಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ಎಂಜಿನ್ನಿನ ಬರಿ ಲೋಹಕ್ಕೆ ಹಿಡಿದು ಸ್ಟಾರ್ಟರ್ ತಿರುಗಿಸಿ. ಅರ್ಧ ವೋಲ್ಟ್ ಮೀರಿದರೆ ಅರ್ತ್ ವೈರ್ ಸರಿಯಿಲ್ಲ. ಇಲ್ಲಿ ಓಮ್ಸ್ (ಪ್ರತಿರೋಧದ) ಅಳತೆ ನಂಬಬೇಡಿ: ಒಂದೇ ಎಳೆ ಉಳಿದ ವೈರ್ ಕೂಡ ಮೀಟರಿಗೆ ಸರಿಯಾಗಿಯೇ ಕಾಣುತ್ತದೆ, ಲೋಡ್ ಬಿದ್ದಾಗ ಮಾತ್ರ ಸೋಲುತ್ತದೆ.

ಈಗ ಎಂಜಿನ್ ಐಡಲ್‌ನಲ್ಲಿಟ್ಟು ಕೀ, ಫ್ಯೂಸ್, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಬಿಡುವ ಸ್ವಿಚ್), ಕಪ್ಲರ್ (ವೈರುಗಳನ್ನು ಕೂಡಿಸುವ ಪ್ಲಗ್) ಇವುಗಳನ್ನು ಒಂದೊಂದಾಗಿ ಮೆಲ್ಲಗೆ ಅಲುಗಾಡಿಸಿ. ಬೆಲ್ಟ್, ಫ್ಯಾನ್ ಹತ್ತಿರ ಕೈ ಬೇಡ. ಕಿಡಿಗೆ ವೋಲ್ಟೇಜ್ ಏರಿಸುವ ಕಾಯಿಲ್‌ನಿಂದ ಸ್ಪಾರ್ಕ್ ಪ್ಲಗ್ ಕಡೆ ಹೋಗುವ ದಪ್ಪ ವೈರಿನಲ್ಲಿ ಸಾವಿರಾರು ವೋಲ್ಟ್ ಇರುವುದರಿಂದ ಅದನ್ನೂ ಮುಟ್ಟಬೇಡಿ. ಕೀಗೊಂಚಲು ಭಾರವಿದ್ದರೆ ಸ್ವಿಚ್ಚಿನ ಕಾಂಟ್ಯಾಕ್ಟ್ ಸವೆದಿರಬಹುದು. ಎಂಜಿನ್ನಿನ ಕಂಪ್ಯೂಟರ್ ಮುಂತಾದವಕ್ಕೆ ಕರೆಂಟ್ ಬಿಡುವ ಮೇನ್ ರಿಲೇಯ ಒಳಗೆ ಬಿರುಕುಬಿಟ್ಟ ಬೆಸುಗೆ ಬಿಸಿಯಾದಾಗ ಬಾಯಿಬಿಡುತ್ತದೆ, ತಣ್ಣಗಾದರೆ ಕೂಡಿಕೊಳ್ಳುತ್ತದೆ. ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ ನೋಡಿದರೆ ಗುಟ್ಟು ಹೊರಬರುತ್ತದೆ.

ಅಲ್ಲೂ ಸಿಗಲಿಲ್ಲವೇ? ಎಂಜಿನ್ ಆಫ್ ಮಾಡಿ, ತಲಾ 5 ವಾಟ್‌ನ ಎರಡು ಕಾರ್ ಬಲ್ಬ್ ತೆಗೆದುಕೊಂಡು, ಒಂದನ್ನು ಕಾಯಿಲ್‌ನ ಪ್ಲಸ್‌ಗೆ (ಬ್ಯಾಟರಿಯ ಕರೆಂಟ್ ಬರುವ ತೆಳು ವೈರ್, ಸ್ಪಾರ್ಕ್ ಪ್ಲಗ್ಗಿನ ದಪ್ಪ ವೈರ್ ಅಲ್ಲ), ಇನ್ನೊಂದನ್ನು ಪೆಟ್ರೋಲ್ ಪಂಪಿನ ಪ್ಲಸ್‌ಗೆ ಜೋಡಿಸಿ. ಎರಡೂ ಬಲ್ಬ್‌ಗಳ ಇನ್ನೊಂದು ತುದಿ ಅರ್ತ್‌ಗೆ. ವೈರ್ ಎಳೆಯುವ ಬುಡದಲ್ಲೇ 1 ಆಂಪ್ ಫ್ಯೂಸ್ ಹಾಕಿ. ಬಲ್ಬ್‌ಗಳನ್ನು ಪಕ್ಕದ ಸೀಟಿನ ಮುಂದಿಟ್ಟು, ಅಲ್ಲಿ ಕೂತವರೇ ನೋಡಬೇಕು, ಚಾಲಕರಲ್ಲ. ಕಂಪ್ಯೂಟರಿನ ಸಿಗ್ನಲ್ ವೈರುಗಳಿಗೆ ಬಲ್ಬ್ ಹಾಕಿದರೆ ಕಂಪ್ಯೂಟರ್ ಸುಡಬಹುದು.

ಖಾಲಿ ರಸ್ತೆಯಲ್ಲಿ ಓಡಿಸಿ, ದೋಷ ಬಂದಾಗ ಗೇರಿನಲ್ಲೇ ಉರುಳಲು ಬಿಡಿ. ಎಂಜಿನ್ ತಿರುಗುವುದು ಪೂರ್ತಿ ನಿಂತರೆ ಪಂಪಿನ ಬಲ್ಬ್ ಹೇಗೂ ಆರುವುದರಿಂದ, ಅದಕ್ಕೆ ಮುಂಚೆ ಕಂಡದ್ದೇ ಲೆಕ್ಕ. ಎರಡೂ ಒಟ್ಟಿಗೆ ಆರಿದರೆ ಸ್ವಿಚ್ ಅಥವಾ ಮೇನ್ ರಿಲೇ. ಎರಡೂ ಉರಿಯುತ್ತಿದ್ದರೆ ಕಾಯಿಲ್, ಇಗ್ನಿಷನ್ ಮಾಡ್ಯೂಲ್ (ಕಾಯಿಲ್‌ಗೆ ಕರೆಂಟ್ ಬಿಟ್ಟು ಕಡಿಯುವ ಎಲೆಕ್ಟ್ರಾನಿಕ್ ಭಾಗ) ಅಥವಾ ಅದರ ಅರ್ತ್. ಪಂಪಿನದ್ದು ಮಾತ್ರ ಆರಿ, ಎಂಜಿನ್ ಒಂದೆರಡು ಸೆಕೆಂಡ್ ಎಳೆದಾಡಿ ಸತ್ತರೆ ಪಂಪ್ ರಿಲೇ. ಥಟ್ಟನೆ ಸತ್ತಿದ್ದರೆ ಕ್ರ್ಯಾಂಕ್ ಸೆನ್ಸರ್. ಅದರ ಸಿಗ್ನಲ್ ಇಲ್ಲವೆಂದರೆ ಕಂಪ್ಯೂಟರ್ ಪಂಪನ್ನೂ ನಿಲ್ಲಿಸಿಬಿಡುತ್ತದೆ.

ಎರಡು ವೈರಿನ ಕ್ರ್ಯಾಂಕ್ ಸೆನ್ಸರ್ ಆದರೆ ಕಪ್ಲರ್ ಬಿಡಿಸಿ, ತಣ್ಣಗಿದ್ದಾಗ ಮತ್ತು ಆಫ್ ಆದ ಕೂಡಲೇ ಸೆನ್ಸರಿನ ಓಮ್ಸ್ ಅಳೆಯಿರಿ. ಬಹುತೇಕ ಕಾರುಗಳಲ್ಲಿ ಕೆಲವು ನೂರರಿಂದ ಸಾವಿರ ಚಿಲ್ಲರೆ ಓಮ್ಸ್ ಬರುತ್ತದೆ. ಬಿಸಿಯಲ್ಲಿ ಅದು ಅನಂತಕ್ಕೆ ಹಾರಿದರೆ ಸೆನ್ಸರ್ ಬದಲಿಸಿ. ಮೂರು ವೈರಿನದ್ದನ್ನು ಹೀಗೆ ಅಳೆಯಲಾಗದು. ಅದಕ್ಕೆ ಆಸಿಲೋಸ್ಕೋಪ್ (ಸಿಗ್ನಲ್ಲನ್ನು ಪರದೆಯಲ್ಲಿ ಗೆರೆಯಾಗಿ ತೋರಿಸುವ ಯಂತ್ರ) ಬೇಕು.

ಓಡುವಾಗ ಆಫ್ ಆದರೆ ಸ್ಟಿಯರಿಂಗ್ ಗಟ್ಟಿಯಾಗುತ್ತದೆ, ಬ್ರೇಕಿನ ಸಹಾಯ ಎರಡು ಮೂರು ಒತ್ತಿಗೆ ಮಾತ್ರ ಉಳಿದಿರುತ್ತದೆ. ಬ್ರೇಕನ್ನು ಒಂದೇ ಸಲ ಒತ್ತಿ ಹಿಡಿಯಿರಿ. ಗಾಡಿ ಪೂರ್ತಿ ನಿಲ್ಲುವ ತನಕ ಕೀಯನ್ನು ಲಾಕ್‌ಗೆ ತಿರುಗಿಸಬೇಡಿ.