ನಿಮ್ಮ ಸೀಲ್ ಎಲ್ಲಿರುತ್ತೆ ಅಂತ ಕೇಳಿದ ದಿನ

ಪೊಲಿಟಿಕಲ್ ಸೈನ್ಸ್ ಪಾಠ ಮಾಡೋಕೆ ಶುರು ಮಾಡಿ 22 ವರ್ಷ ಆಯ್ತು, ಅದ್ರಲ್ಲಿ ಮೊದಲ ಆರು ವರ್ಷ ಅತಿಥಿ ಉಪನ್ಯಾಸಕಿ. ಪಿಎಚ್‌ಡಿಗೆ ಪಂಚಾಯತಿಯಲ್ಲಿ ಮಹಿಳೆಯರು ಅನ್ನೋ ವಿಷಯ ತಗೊಂಡಾಗ ಎಲ್ರೂ ಹೇಳಿದ್ರು, ಇದ್ರ ಮೇಲೆ ಆಗ್ಲೇ ರಾಶಿ ಥೀಸಿಸ್ ಬಂದಿದೆಯಲ್ಲಮ್ಮಾ ಅಂತ. ಆದ್ರೆ ನಂಗೆ ನಮ್ಮ ದೊಡ್ಡಮ್ಮ ತಲೇಲಿದ್ರು. 1983ರ ನಮ್ಮ ರಾಜ್ಯದ ಪಂಚಾಯತಿ ಕಾಯ್ದೆಯಲ್ಲಿ ಆಗಿನ ಪಂಚಾಯತ್ ರಾಜ್ ಮಂತ್ರಿ ನಜೀರ್ ಸಾಬರು ಹೆಣ್ಮಕ್ಕಳಿಗೆ ಶೇಕಡ 25 ಮೀಸಲಾತಿ ತಂದ್ರಲ್ಲ, ದೇಶಕ್ಕೆಲ್ಲ ಪಂಚಾಯತಿಯಲ್ಲಿ ಮಹಿಳಾ ಮೀಸಲಾತಿ ತಂದ ಸಂವಿಧಾನದ 73ನೇ ತಿದ್ದುಪಡಿ ಬರೋಕೆ ಎಷ್ಟೋ ಮುಂಚೆ, ಅದ್ರಲ್ಲೇ 1987ರಲ್ಲಿ ದೊಡ್ಡಮ್ಮ ಮಂಡಲ ಪಂಚಾಯತಿ (ಕೆಲವು ಹಳ್ಳಿ ಸೇರಿ ಆಗ ಇದ್ದ ಪಂಚಾಯತಿ) ಮೆಂಬರ್ ಆಗಿದ್ದು. ಹೆಬ್ಬೆಟ್ಟು ಒತ್ತಲ್ಲ ಅಂತ ಹಟ ಹಿಡಿದು ನನ್ನ ಕಾಪಿ ಪುಸ್ತಕದ ಹಿಂದಿನ ಹಾಳೆ ತುಂಬ ಸಹಿ ಬರೆದು ಕಲಿತ್ರು.

ಫೀಲ್ಡ್‌ವರ್ಕ್ ಮಾತ್ರ ಮೊದಲ ವರ್ಷ ಪೂರ್ತಿ ದಂಡ. ನಲವತ್ತು ಪ್ರಶ್ನೆ ಟೈಪ್ ಮಾಡಿಸ್ಕೊಂಡು ಪಂಚಾಯತಿ ಹೆಣ್ಮಕ್ಕಳ ಮನೆಗೆ ಹೋಗಿದ್ದೆ, "ನಿರ್ಧಾರ ಯಾರು ತಗೋತಾರೆ?" ಅಂತ ಕೇಳಿದ್ರೆ ಎಲ್ರೂ "ನಾನೇ" ಅನ್ನೋರು, ಅದನ್ನೂ ಎಷ್ಟೋ ಸಲ ಬಾಗಿಲಲ್ಲಿ ನಿಂತಿದ್ದ ಯಜಮಾನ್ರೇ ಹೇಳೋರು.

ಒಂದಿನ ಗ್ರಾಮಸಭೆ ಮುಗಿಸ್ಕೊಂಡು ಒಬ್ಬ ಅಧ್ಯಕ್ಷೆ ಮನೆಗೆ ಹೋದೆ, ಅವ್ರು ಅವರೆಕಾಯಿ ಸುಲೀತಾ ಇದ್ರು, ನಾನೂ ಕೂತು ಸುಲಿಯೋಕೆ ಶುರು ಮಾಡಿದೆ, ಸ್ವಲ್ಪ ಹೊತ್ತಿಗೆ ಯಜಮಾನ್ರು ಎದ್ದು ಹೊರಗೆ ಹೋದ್ರು. ಆಮೇಲೆ ಏನೋ ಮಾತಿಗೆ, ಅಧ್ಯಕ್ಷರು ಸಹಿ ಜೊತೆ ಒತ್ತೋ ಸೀಲ್ ಬಗ್ಗೆ, "ನಿಮ್ಮ ಸೀಲ್ ಎಲ್ಲಿರುತ್ತಕ್ಕಾ?" ಅಂದೆ. ಕೈ ನಿಲ್ಸಿ, "ನಮ್ಮ ಯಜಮಾನ್ರ ಬ್ಯಾಗಲ್ಲೇ ಇರುತ್ತೆ ಮೇಡಂ" ಅಂದ್ರು. ಆಮೇಲೆ ಒಂದು ಗಂಟೆ ಮಾತಾಡಿದ್ರು, ಬೋರ್‌ವೆಲ್ ಮೋಟ್ರು ಯಾವ ಬೀದಿಗೆ ಅಂತ ಪಿಡಿಓ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಹತ್ರ ಹೇಗೆ ಜಗಳ ಆಡಿದೆ ಅನ್ನೋದೂ ಬಂತು. ಅಂದ್ರೆ ಸೀಲ್ ಕೈಲಿಲ್ದೇ ಇದ್ರೂ ಅವ್ರು ಸುಮ್ನೆ ಕೂತಿರ್ಲಿಲ್ಲ. ಇಂಥವ್ರನ್ನ ರಬ್ಬರ್ ಸ್ಟಾಂಪ್ ಅಂತ ಒಂದೇ ಮಾತಲ್ಲಿ ತಳ್ಳಿ ಹಾಕಿದ್ರೆ ನಂಗೆ ಇವತ್ತಿಗೂ ಸಿಟ್ಟು ಬರುತ್ತೆ.

ಪ್ರಶ್ನೆಪಟ್ಟಿ ಹರಿದು ಹಾಕಿ ಹೊಸದಾಗಿ ಬರೆದೆ. ಸೀಲ್ ಎಲ್ಲಿದೆ, ಆಫೀಸ್ ಬೋರ್ಡಲ್ಲಿ ನಿಮ್ಮ ಹೆಸರಿನ ಮುಂದೆ ಯಾರ ಫೋನ್ ನಂಬರ್ ಇದೆ, ಹೋದ ಮೀಟಿಂಗಲ್ಲಿ ಯಾವ ಕುರ್ಚೀಲಿ ಕೂತ್ರಿ. ಇಂಥದ್ದಕ್ಕೆ ಯಾರೂ ಕಲಿತ ಉತ್ತರ ಹೇಳಕ್ಕಾಗಲ್ಲ. ನನ್ನ ವಿದ್ಯಾರ್ಥಿಗಳಿಗೆ ಈಗ್ಲೂ ಹೇಳೋದು ಇದೇ, ಅಭಿಪ್ರಾಯ ಕೇಳ್ಬೇಡಿ, ವಸ್ತು ಎಲ್ಲಿದೆ ಅಂತ ಕೇಳಿ.

ಥೀಸಿಸ್ಸಿಗೆ ಏಳು ವರ್ಷ ಹಿಡೀತು. ಮಧ್ಯೆ ಮಗಳು ಹುಟ್ಟಿದ್ಲು, ಗಂಡನಿಗೆ ಬೇರೆ ಜಿಲ್ಲೆಗೆ ವರ್ಗ ಆಯ್ತು, ಅಮ್ಮ ಮಗೂನ ಎತ್ಕೊಂಡು ನನ್ ಜೊತೆ ಹಳ್ಳಿ ಹಳ್ಳಿ ಬಸ್ಸಲ್ಲಿ ತಿರುಗಿದ್ರು, ಅಮ್ಮ ಇಲ್ದಿದ್ರೆ ಈ ಕೆಲಸ ಆಗ್ತಾನೇ ಇರ್ಲಿಲ್ಲ. ಒಂದು ರಾತ್ರಿ ಅದೇ ಪ್ರಶ್ನೆಗಳನ್ನ ನಂಗೇ ಕೇಳ್ಕೊಂಡೆ, ನನ್ನ ಹೆಸರಲ್ಲಿರೋ ಸೈಟಿನ ಪತ್ರ ಎಲ್ಲಿದೆ ಅಂತ ನಂಗೇ ಗೊತ್ತಿರ್ಲಿಲ್ಲ. ಗಂಡನಿಗೆ ಫೋನ್ ಮಾಡಿ ಕೇಳಿ, ಬೀರು ತೆಗೆದು, ಮೊದಲನೇ ಸಲ ಪೂರ್ತಿ ಓದಿದೆ.

2010ರಲ್ಲಿ ಮೀಸಲಾತಿ ಶೇಕಡ 50 ಆಯ್ತು. ಆ ಅಧ್ಯಕ್ಷೆಯ ವಾರ್ಡು ಮಾತ್ರ ಆಮೇಲೆ ಸಾಮಾನ್ಯಕ್ಕೆ ಹೋಯ್ತು. ಅವ್ರು ಆ ಸಾಮಾನ್ಯ ಸೀಟಿಗೇ ನಾಮಿನೇಷನ್ ಹಾಕಿ ಹನ್ನೊಂದು ಓಟಲ್ಲಿ ಸೋತ್ರು. ಈಗ ನಾನು ಕೆಲಸ ಮಾಡ್ತಿರೋದು ಇವ್ರ ಮೇಲೇನೇ, ಮೀಸಲು ಇಲ್ದೇ ಇದ್ರೂ ಮತ್ತೆ ನಿಲ್ಲೋ ಹೆಂಗಸ್ರ ಮೇಲೆ. ಮೊದಲನೇ ಇಂಟರ್‌ವ್ಯೂ ಅವ್ರದ್ದೇ ಮಾಡಿದೀನಿ.